‘ಸಬ್ಮಿಟ್’ ಒತ್ತಿದರೂ ಫಾರಂ ಮುಂದಕ್ಕೆ ಹೋಗದಿದ್ದಾಗ

ಜೂನ್ ಬಂತೆಂದರೆ ಮದ್ದೂರಿನ ಸೈಬರ್ ಸೆಂಟರುಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳುತ್ತದೆ: “ಏನ್ ಒತ್ತುದ್ರೂ ಮುಂದಕ್ಕೇ ಓಯ್ತಾ ಇಲ್ಲ ಕಣಣ್ಣ.” ಮಗಳ ಆದಾಯ ಪ್ರಮಾಣಪತ್ರವಿರಬಹುದು, ಮಗನ ವಿದ್ಯಾರ್ಥಿವೇತನವಿರಬಹುದು, ಪಹಣಿಗೆ ಸಂಬಂಧಪಟ್ಟ ಕೆಲಸವಿರಬಹುದು. ಎಲ್ಲವನ್ನೂ ತುಂಬಿದ್ದೇವೆ ಎಂದುಕೊಂಡು ಕೊನೆಯ ಬಟನ್ ಒತ್ತುತ್ತೇವೆ. ಪುಟ ಮೇಲಕ್ಕೆ ಜಿಗಿಯುತ್ತದೆ. ಯಾವುದೋ ಒಂದು ಕಾಲಂ ಕೆಂಪಗಾಗುತ್ತದೆ. ಹಿರಿಯರು ಅಷ್ಟಕ್ಕೇ “ನಮ್ ಅರ್ಜಿ ರಿಜೆಕ್ಟ್ ಆಯ್ತು” ಎಂದು ಎದ್ದು ಬಂದುಬಿಡುತ್ತಾರೆ.

ಅರ್ಜಿ ರಿಜೆಕ್ಟ್ ಆಗಿಲ್ಲ. ಅದಿನ್ನೂ ಯಾವ ಅಧಿಕಾರಿಯ ಕೈಗೂ ಹೋಗಿಲ್ಲ. ನಿಮ್ಮನ್ನು ತಡೆದಿರುವುದು ತಹಶೀಲ್ದಾರರಲ್ಲ, ಫಾರಂ ಬರೆದ ಪ್ರೋಗ್ರಾಮರ್ ಹಾಕಿಟ್ಟ ಒಂದು ಸಣ್ಣ ನಿಯಮ. ಆ ನಿಯಮ ಯಾವುದು ಎಂದು ಗೊತ್ತಾದರೆ ತಿದ್ದಿಕೊಳ್ಳುವುದು ಬಹುತೇಕ ಸಲ ಎರಡು ನಿಮಿಷದ ಕೆಲಸ.

ಮೊದಲು ಆ ಕೆಂಪು ಸ್ಟಾರ್ ವಿಷಯ. ಹೆಸರು, ಮೊಬೈಲ್ ನಂಬರ್, ವಿಳಾಸ ಎಂಬ ಪದಗಳ ಪಕ್ಕದಲ್ಲಿ ಪುಟ್ಟ ನಕ್ಷತ್ರ ಚಿಹ್ನೆ ಇದ್ದರೆ ಆ ಕಾಲಂ ಕಡ್ಡಾಯ, ಖಾಲಿ ಬಿಡುವಂತಿಲ್ಲ ಎಂದರ್ಥ. ಸ್ಟಾರ್ ಇಲ್ಲದ ಕಾಲಂ ನಿಮ್ಮ ಇಷ್ಟ. ಹೀಗೆ ತುಂಬಿದ್ದು ಸರಿಯಿದೆಯೇ ಎಂದು ಫಾರಂ ತಾನೇ ಪರೀಕ್ಷಿಸಿಕೊಳ್ಳುವ ಕೆಲಸಕ್ಕೆ ವ್ಯಾಲಿಡೇಶನ್ ಎನ್ನುತ್ತಾರೆ. ಅದು ಮೂರು ಪ್ರಶ್ನೆ ಕೇಳುತ್ತದೆ. ಕಾಲಂನಲ್ಲಿ ಏನಾದರೂ ಇದೆಯೇ? ಇದ್ದದ್ದು ಸರಿಯಾದ ರೂಪದಲ್ಲಿದೆಯೇ? ಆ ರೂಪದಲ್ಲಿರುವ ವಿವರ ಸರ್ಕಾರದ ದಾಖಲೆಯಲ್ಲಿ ನಿಜವಾಗಿಯೂ ಇದೆಯೇ? ಮೊದಲನೆಯದಕ್ಕೆ ಹೌದು ಎಂದಾದ ಮೇಲೆ ಎರಡನೆಯದು, ಆಮೇಲೆ ಮೂರನೆಯದು. ಒಂದು ತಪ್ಪು ತಿದ್ದಿದ ಕೂಡಲೇ ಇನ್ನೊಂದು ತಪ್ಪು ಎದ್ದು ಬರುವುದು ಇದರಿಂದಲೇ. ಫಾರಂ ನಿಮ್ಮನ್ನು ಗೋಳುಹೊಯ್ದುಕೊಳ್ಳುತ್ತಿಲ್ಲ, ಸರದಿಯಲ್ಲಿ ನೋಡುತ್ತಿದೆ.

ಈ ಪರೀಕ್ಷೆ ಎರಡು ಕಡೆ ನಡೆಯುತ್ತದೆ. ಒಂದು ನಿಮ್ಮ ಮೊಬೈಲ್ ಅಥವಾ ಕಂಪ್ಯೂಟರಿನ ಬ್ರೌಸರ್‌ನಲ್ಲಿ. ಬ್ರೌಸರ್ ಎಂದರೆ ಕ್ರೋಮ್, ಫೈರ್‌ಫಾಕ್ಸ್‌ನಂಥ, ಜಾಲತಾಣ ತೆರೆದು ತೋರಿಸುವ ತಂತ್ರಾಂಶ. ಇನ್ನೊಂದು ಸರ್ವರ್‌ನಲ್ಲಿ, ಅಂದರೆ ಇಲಾಖೆಯ ದಾಖಲೆಗಳಿರುವ ದೂರದ ಕಂಪ್ಯೂಟರಿನಲ್ಲಿ. ಕಾಲಂ ಖಾಲಿಯಿದೆ, ಒಂದು ಅಂಕಿ ಕಮ್ಮಿಯಿದೆ ಎಂಬುದನ್ನು ಬ್ರೌಸರ್ ಕ್ಷಣದಲ್ಲಿ ಹೇಳಿಬಿಡುತ್ತದೆ. ಇಂಟರ್ನೆಟ್ ನಿಧಾನವಿದ್ದರೂ ಅದಕ್ಕೆ ಲೆಕ್ಕವಿಲ್ಲ. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ ರೂಪಿಸಿದ ಜಾವಾಸ್ಕ್ರಿಪ್ಟ್ ಎಂಬ ಭಾಷೆ ಬಳಕೆಗೆ ಬರುವ ಮುಂಚೆ ಈ ಸಣ್ಣ ತಪ್ಪಿಗೂ ಇಡೀ ಫಾರಂ ಸರ್ವರ್‌ವರೆಗೆ ಹೋಗಿ ಬರಬೇಕಿತ್ತು. 2014ರಲ್ಲಿ ಅಂತಿಮ ರೂಪ ಪಡೆದ ಎಚ್‌ಟಿಎಂಎಲ್5ರಲ್ಲಿ ಇನ್ನೂ ಸುಲಭವಾಯಿತು. ಈಗ ಕಾಲಂನ ಕೋಡ್‌ನಲ್ಲಿ ‘ರಿಕ್ವೈರ್ಡ್’ ಎಂಬ ಒಂದೇ ಪದ ಸೇರಿಸಿದರೆ ಸಾಕು, ಖಾಲಿ ಬಿಟ್ಟರೆ ತಡೆಯುವ ಕೆಲಸವನ್ನು ಬ್ರೌಸರ್ ವಹಿಸಿಕೊಳ್ಳುತ್ತದೆ.

ಹಾಗಾದರೆ ಸರ್ವರ್ ಮತ್ತೆ ಯಾಕೆ ನೋಡಬೇಕು? ಬ್ರೌಸರ್‌ನ ಪರೀಕ್ಷೆಯನ್ನು ಸ್ವಲ್ಪ ತಿಳಿದವರು ತಪ್ಪಿಸಿ ಹೋಗಬಲ್ಲರು. ಹೊಲದಲ್ಲಿ ನೀವು ಕಬ್ಬಿನ ತೂಕ ಎಷ್ಟೇ ಅಂದಾಜು ಮಾಡಿಕೊಂಡಿರಿ, ದುಡ್ಡು ಬರುವುದು ಕಾರ್ಖಾನೆಯ ವೇಬ್ರಿಡ್ಜ್ ತೋರಿಸಿದ ತೂಕಕ್ಕೇ. ಸರ್ವರ್‌ನ ಮಾತೂ ಹಾಗೇ ಕೊನೆಯ ಮಾತು. ಆದ್ದರಿಂದ ಪರದೆಯಲ್ಲಿ ಎಲ್ಲ ಕಾಲಂ ಹಸಿರಾಗಿದ್ದರೂ ಕೊನೆಗೆ ‘ಇನ್‌ವ್ಯಾಲಿಡ್’ ಎಂದು ಬಂದರೆ ತಪ್ಪನ್ನು ಅಕ್ಷರದಲ್ಲಿ ಹುಡುಕಬೇಡಿ. ನೀವು ಕೊಟ್ಟ ವಿವರಕ್ಕೂ ದಾಖಲೆಗೂ ತಾಳೆಯಾಗಿಲ್ಲ ಎಂದು ತಿಳಿಯಿರಿ.

ಈಗ ಒಂದೊಂದು ಕಾಲಂ ನೋಡೋಣ. ಪಿನ್ ಕೋಡ್‌ಗೆ ಆರು ಅಂಕಿ. ಮದ್ದೂರು 571428, ಮಂಡ್ಯ 571401, ಮಳವಳ್ಳಿ 571430. ನಿಮ್ಮ ಊರಿನ ಅಂಚೆ ಕಚೇರಿಯ ಪಿನ್ ಬೇರೆ ಇದ್ದೀತು, ಒಮ್ಮೆ ವಿಚಾರಿಸಿಕೊಳ್ಳಿ. ಮೊಬೈಲ್ ನಂಬರಿಗೆ ಹತ್ತು ಅಂಕಿ, ಮೊದಲನೆಯದು 6ರಿಂದ 9ರೊಳಗೆ. ಮುಂದೆ ಸೊನ್ನೆ ಹಾಕಿದರೂ 91 ಹಾಕಿದರೂ ಬಹುಪಾಲು ಫಾರಂಗಳು ಒಪ್ಪುವುದಿಲ್ಲ. ಇವೆರಡು ಸುಲಭ.

ಆಧಾರ್ ಸ್ವಲ್ಪ ಬೇರೆ. ಹನ್ನೆರಡು ಅಂಕಿ ಇರಬೇಕು, 0 ಅಥವಾ 1ರಿಂದ ಶುರುವಾಗುವುದಿಲ್ಲ. ಇಷ್ಟೇ ಅಲ್ಲದೆ ಕೊನೆಯ ಅಂಕಿ ಒಂದು ತಾಳೆ ಅಂಕಿ. ಮೊದಲ ಹನ್ನೊಂದು ಅಂಕಿಗಳನ್ನು ಲೆಕ್ಕ ಹಾಕಿದರೆ ಹನ್ನೆರಡನೆಯದು ತಾನಾಗಿ ಬರಬೇಕು. ಈ ಲೆಕ್ಕವನ್ನು 1969ರಲ್ಲಿ ಪ್ರಕಟಿಸಿದವರು ಡಚ್ ಗಣಿತಜ್ಞ ಯಾಕೋಬಸ್ ವೆರ್ಹೂಫ್. ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಇದು ಹಿಡಿದುಹಾಕುತ್ತದೆ. ಹೀಗಾಗಿ ಫಾರಂ ಇನ್ನೂ ಆಧಾರ್ ಕಚೇರಿಯ ದಾಖಲೆಯನ್ನು ಮುಟ್ಟದೆಯೇ ‘ಈ ನಂಬರ್ ತಪ್ಪು’ ಎಂದು ಹೇಳಬಲ್ಲದು. ಇನ್ನೊಂದು ಕಿರಿಕಿರಿ ಇದೆ. ಕಾರ್ಡಿನಲ್ಲಿ ನಾಲ್ಕು ನಾಲ್ಕು ಅಂಕಿಗೆ ಜಾಗ ಬಿಟ್ಟಿರುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ಹಾಗೇ ಕಾಪಿ ಮಾಡಿ ಹಾಕಿದರೆ ಎರಡು ಖಾಲಿ ಜಾಗವೂ ಅಕ್ಷರವೆಂದೇ ಲೆಕ್ಕಕ್ಕೆ ಬಂದು, ಕೊನೆಯ ಎರಡು ಅಂಕಿ ಕತ್ತರಿಸಿ ಹೋಗಬಹುದು. ಕೈಯಾರೆ ಟೈಪ್ ಮಾಡುವುದೇ ವಾಸಿ.

ಬ್ಯಾಂಕಿನ ಐಎಫ್‌ಎಸ್‌ಸಿ ಕೋಡ್ ನಮ್ಮ ಕಡೆಯವರನ್ನು ಸತಾಯಿಸುವಷ್ಟು ಬೇರಾವ ಕಾಲಮೂ ಸತಾಯಿಸುವುದಿಲ್ಲ. ಇದರಲ್ಲಿ ಹನ್ನೊಂದು ಅಕ್ಷರ. ಮೊದಲ ನಾಲ್ಕು ಬ್ಯಾಂಕಿನ ಗುರುತು, ಕೊನೆಯ ಆರು ಶಾಖೆಯ ಗುರುತು. ನಡುವಿನ ಐದನೆಯದು ಯಾವಾಗಲೂ ಸೊನ್ನೆ. ಅದನ್ನು ಇಂಗ್ಲಿಷಿನ ‘ಓ’ ಅಕ್ಷರ ಎಂದುಕೊಂಡು ಒತ್ತುವವರೇ ಹೆಚ್ಚು. ಪಾಸ್‌ಬುಕ್ಕಿನ ಮಾಸಿದ ಮುದ್ರಣದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣುವುದೂ ಇಲ್ಲ.

ಅದಕ್ಕಿಂತ ದೊಡ್ಡ ತೊಡಕು ಹಳೇ ಪಾಸ್‌ಬುಕ್‌ನದು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್‌ನಲ್ಲಿ ಎಸ್‌ಬಿಐ ಜೊತೆ ಸೇರಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಆಯಿತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾದೊಳಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ ಹೋದವು. ವಿಜಯಾ ಮತ್ತು ಸಿಂಡಿಕೇಟ್ ಬ್ಯಾಂಕಿನ ಹಳೇ ಕೋಡುಗಳು 2021ರಲ್ಲೇ ನಿಂತುಹೋದವು. ಮಂಡ್ಯದಲ್ಲೇ ಕೇಂದ್ರ ಕಚೇರಿಯಿದ್ದ ವಿಶ್ವೇಶ್ವರಯ್ಯ ಗ್ರಾಮೀಣ ಬ್ಯಾಂಕಿನ ಕಥೆ ಇನ್ನೂ ಉದ್ದ: 2012ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕ್, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್, 2025ರ ಮೇ 1ರಿಂದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕನ್ನೂ ಸೇರಿಸಿಕೊಂಡು ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕ್. ಬೋರ್ಡು ಬದಲಾಗುತ್ತಾ ಬಂತು, ಮನೆಯ ಬೀರುವಿನಲ್ಲಿರುವ ಪಾಸ್‌ಬುಕ್ ಮಾತ್ರ ಅದೇ. ಹಳೇ ಕೋಡ್ ಹನ್ನೊಂದು ಅಕ್ಷರದ್ದೇ, ಐದನೆಯದು ಸೊನ್ನೆಯೇ. ಆದ್ದರಿಂದ ಬ್ರೌಸರ್ ಸೈ ಎನ್ನುತ್ತದೆ, ಸರ್ವರ್ ಇಲ್ಲ ಎನ್ನುತ್ತದೆ. ಅರ್ಜಿ ಹಾಕುವ ಮೊದಲು ಶಾಖೆಗೆ ಹೋಗಿ ಪಾಸ್‌ಬುಕ್ಕಿನ ಮೊದಲ ಪುಟ ಹೊಸದಾಗಿ ಮುದ್ರಿಸಿಕೊಳ್ಳಿ. ಆಧಾರ್ ಜೋಡಣೆಯಾದ ಖಾತೆಗೆ ನೇರವಾಗಿ ಹಣ ಬರುವ ಯೋಜನೆಗಳಲ್ಲಿ ಈ ಕೋಡ್ ಕೇಳದೆಯೂ ಇರಬಹುದು.

ಇನ್ನು ಹೆಸರು. ಹೆಸರು ಬರೆಯುವುದಕ್ಕಿಂತ ಸುಲಭದ ಕೆಲಸ ಇನ್ನೇನಿದೆ ಎನ್ನಿಸಬಹುದು. ಆದರೆ ಫಾರಂ ‘ಫಸ್ಟ್ ನೇಮ್’, ‘ಲಾಸ್ಟ್ ನೇಮ್’ ಎಂದು ಎರಡು ಕಾಲಂ ಕೊಟ್ಟು ಎರಡಕ್ಕೂ ಸ್ಟಾರ್ ಹಾಕಿದರೆ ಮಂಡ್ಯದ ನಿಂಗೇಗೌಡರು ಏನು ಮಾಡಬೇಕು? ಅವರದು ಒಂದೇ ಪದ. ಮುಂದೆ ಅಪ್ಪನ ಹೆಸರಿನದೋ ಊರಿನದೋ ಇನಿಷಿಯಲ್, ಅಷ್ಟೇ. ಕೆಲವರು ‘ನಿಂಗೇ’ ಒಂದು ಕಡೆ, ‘ಗೌಡ’ ಇನ್ನೊಂದು ಕಡೆ ಹಾಕುತ್ತಾರೆ. ಕೆಲವರು ಇನಿಷಿಯಲ್ ಹಾಕುತ್ತಾರೆ. ಇನಿಷಿಯಲ್ ಜೊತೆ ಚುಕ್ಕಿ ಹಾಕಿದರೆ ‘ಅಕ್ಷರಗಳು ಮಾತ್ರ’ ಎಂದು ಫಾರಂ ಮತ್ತೆ ತಕರಾರು ತೆಗೆಯುತ್ತದೆ. ಉಪನಾಮವಿರುವ ಕಡೆಯವರು ಕುಳಿತು ಬರೆದ ನಿಯಮ ಇದು ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ, ಅದನ್ನು ನಮ್ಮ ತಪ್ಪೆಂದುಕೊಳ್ಳಬೇಕಿಲ್ಲ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಉಪನಾಮ ಕಡ್ಡಾಯವಿಲ್ಲ. ಆದರೂ 2022ರ ನವೆಂಬರ್‌ನಲ್ಲಿ ಯುಎಇ ದೇಶ ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವವರಿಗೆ ಪ್ರವಾಸಿ ವೀಸಾದ ಮೇಲೆ ಪ್ರವೇಶವಿಲ್ಲ ಎಂದಾಗ ದುಬೈಗೆ ಹೊರಟಿದ್ದವರು ಗಾಬರಿಯಾಗಿದ್ದರು. ಎರಡನೇ ಪುಟದಲ್ಲಿರುವ ತಂದೆಯ ಹೆಸರನ್ನು ಒಪ್ಪುತ್ತೇವೆ ಎಂದು ಆ ದೇಶವೇ ಆಮೇಲೆ ಹೇಳಿತು.

ನಮ್ಮ ಅರ್ಜಿಗಳ ಮಟ್ಟಿಗೆ ಒಂದೇ ಸೂತ್ರ: ಆಧಾರ್‌ನಲ್ಲಿ ಹೇಗಿದೆಯೋ ಹಾಗೇ ಬರೆಯಿರಿ. ‘ಗೌಡ’ ಎಂಬುದನ್ನು ಇಂಗ್ಲಿಷಿನಲ್ಲಿ ಆಧಾರ್‌ನಲ್ಲಿ ಡಬ್ಲ್ಯೂ ಹಾಕಿ, ಅಂಕಪಟ್ಟಿಯಲ್ಲಿ ಯು ಹಾಕಿ ಬರೆದಿದ್ದರೆ ಯಂತ್ರಕ್ಕೆ ಅವರಿಬ್ಬರೂ ಬೇರೆ ಬೇರೆ ಮನುಷ್ಯರು. ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಇದ್ದರಂತೂ ಫ್ರೂಟ್ಸ್ ನೋಂದಣಿಯಲ್ಲಿ, ಅಂದರೆ ರೈತರಿಗೆ ಗುರುತಿನ ಸಂಖ್ಯೆ ಕೊಡುವ ಸರ್ಕಾರದ ತಂತ್ರಾಂಶದಲ್ಲಿ, ತಾಳೆ ಬೀಳುವುದೇ ಇಲ್ಲ. ಬೆಂಬಲ ಬೆಲೆಗೆ ರಾಗಿ ಕೊಡಲು ಆ ಸಂಖ್ಯೆ ಬೇಕು. ಇದನ್ನು ಫಾರಂನಲ್ಲಿ ಸರಿಮಾಡಲಾಗದು, ಮೊದಲು ಖಾತೆ ಬದಲಾವಣೆಯೇ ಆಗಬೇಕು.

ಕನ್ನಡದಲ್ಲಿ ಟೈಪ್ ಮಾಡುವವರ ಕಷ್ಟ ಬೇರೆ. ಹಳೇ ನುಡಿ ಫಾಂಟಿನಲ್ಲಿ ಬರೆದಿಟ್ಟದ್ದನ್ನು ತಂದು ಹಾಕಿದರೆ ಫಾರಂಗೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು. ಜಾಲತಾಣಕ್ಕೆ ಯೂನಿಕೋಡ್ ಕನ್ನಡವೇ ಬೇಕು. ಮೊಬೈಲಿನ ಕನ್ನಡ ಕೀಬೋರ್ಡಿನಿಂದ ಬರುವುದು ಅದೇ. ಯೂನಿಕೋಡ್‌ನಲ್ಲಿ ಬರೆದರೂ ಕೆಲವು ಸಲ ‘ಅಮಾನ್ಯ ಅಕ್ಷರ’ ಎಂದು ಬರುತ್ತದೆ. ಕಾರಣ ಕುತೂಹಲದ್ದು. ಯೂನಿಕೋಡ್ ಲೆಕ್ಕದಲ್ಲಿ ‘ಕ’ ಒಂದು ಅಕ್ಷರ, ಅದಕ್ಕೆ ಸೇರುವ ಕೊಂಬು, ಗುಡಿಸು, ಒತ್ತು ಕೊಡುವ ವಿರಾಮ ಇವೆಲ್ಲ ‘ಚಿಹ್ನೆ’ ಎಂಬ ಬೇರೆ ಗುಂಪು. ‘ಅಕ್ಷರ ಮಾತ್ರ ಬಿಡು’ ಎಂದು ನಿಯಮ ಬರೆದವರು ಚಿಹ್ನೆಯನ್ನು ಸೇರಿಸಲು ಮರೆತರೆ ‘ಕಮಲ’ ಪಾಸು, ‘ಕೃಷ್ಣ’ ಫೇಲು. ‘ಕೃಷ್ಣ’ ನಮ್ಮ ಕಣ್ಣಿಗೆ ಎರಡಕ್ಷರ, ಯಂತ್ರಕ್ಕೆ ಐದು. ‘ರಾಜ್‌ಕುಮಾರ್’ ಎಂಬಲ್ಲಿ ‘ಜ್’ ಮತ್ತು ‘ಕು’ ಬೆಸೆದುಕೊಳ್ಳದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಚಿಹ್ನೆ ಕೂತಿರುತ್ತದೆ, ಅದನ್ನೂ ಎಷ್ಟೋ ಫಾರಂಗಳು ಸಹಿಸುವುದಿಲ್ಲ. ಅಂಕಿಗಳನ್ನು ಕನ್ನಡದಲ್ಲಿ ೧, ೨, ೩ ಎಂದು ಬರೆದರೂ ಇದೇ ಪಾಡು. ಇಂಥ ಕಡೆ ಕನ್ನಡ ಬಿಟ್ಟುಬಿಡಿ ಎನ್ನಲು ನನಗೆ ಮನಸ್ಸಿಲ್ಲ. ಸದ್ಯದ ಕೆಲಸಕ್ಕೆ ಇಂಗ್ಲಿಷ್ ಅಂಕಿ ಹಾಕಿ, ಹೆಸರು ಒಪ್ಪದಿದ್ದರೆ ಪರದೆಯ ಫೋಟೊ ತೆಗೆದು ದೂರು ಕೊಡಿ. ದೂರು ಹೋಗದೆ ಆ ನಿಯಮ ತಿದ್ದುವವರಿಲ್ಲ.

ಊರಿನ ಹೆಸರನ್ನು ಹೆಚ್ಚಿನ ಫಾರಂಗಳಲ್ಲಿ ಬರೆಯಲು ಬಿಡುವುದಿಲ್ಲ, ಪಟ್ಟಿಯಿಂದ ಆರಿಸಬೇಕು. ಜಿಲ್ಲೆ ಆರಿಸಿದರೆ ತಾಲ್ಲೂಕು ತೆರೆಯುತ್ತದೆ, ತಾಲ್ಲೂಕು ಆರಿಸಿದರೆ ಹೋಬಳಿ, ಆಮೇಲೆ ಗ್ರಾಮ. ಮದ್ದೂರಿಗೆ ಕಸಬಾ, ಆತಗೂರು, ಚಿಕ್ಕರಸಿನಕೆರೆ, ಕೊಪ್ಪ ಹೋಬಳಿಗಳು. ಮಳವಳ್ಳಿಗೆ ಕಸಬಾ, ಕಿರುಗಾವಲು, ಹಲಗೂರು, ಬೊಪ್ಪೇಗೌಡನಪುರ. ನಿಮ್ಮ ಊರು ಯಾವ ಹೋಬಳಿಗೆ ಸೇರಿದ್ದು ಎಂಬುದು ಪಹಣಿಯಲ್ಲಿರುತ್ತದೆ. ಊರು ಪಟ್ಟಿಯಲ್ಲಿ ಸಿಗದಿದ್ದರೆ ಹೆಸರಿನ ಇನ್ನೊಂದು ರೂಪ ಹುಡುಕಿ. ನಾವು ಬಾಯಲ್ಲಿ ಕೆ.ಎಂ. ದೊಡ್ಡಿ ಎನ್ನುವುದು ಒಂದು ದಾಖಲೆಯಲ್ಲಿ ಕಾಳಮುದ್ದನದೊಡ್ಡಿ, ಇನ್ನೊಂದರಲ್ಲಿ ಭಾರತೀನಗರ ಎಂದಿದ್ದೀತು. ಬಿ.ಜಿ. ಪುರ ಎಂದು ಹುಡುಕಿದರೆ ಸಿಗದ್ದು ಬೊಪ್ಪೇಗೌಡನಪುರ ಎಂದರೆ ಸಿಕ್ಕೀತು. ಒಂದು ಎಚ್ಚರ: ಎಲ್ಲ ಆರಿಸಿದ ಮೇಲೆ ಮೇಲಿನ ಜಿಲ್ಲೆಯನ್ನೋ ತಾಲ್ಲೂಕನ್ನೋ ಮುಟ್ಟಿದರೆ ಕೆಳಗಿನವೆಲ್ಲ ಸದ್ದಿಲ್ಲದೆ ಖಾಲಿಯಾಗುತ್ತವೆ.

ಸರ್ವೆ ನಂಬರಿನ ಕಾಲಂನಲ್ಲೂ ಹೀಗೊಂದು ಸಣ್ಣ ಗುಟ್ಟಿದೆ. ಬಾಯಲ್ಲಿ ‘ನೂರಾ ಹನ್ನೆರಡು ಬಾರ್ ಮೂರು’ ಎನ್ನುತ್ತೇವೆ. ಪಹಣಿ ದಾಖಲೆಯಿರುವ ಭೂಮಿ ತಂತ್ರಾಂಶದಲ್ಲಿ 112 ಒಂದು ಕಾಲಂಗೆ, ಹಿಸ್ಸಾ 3 ಬೇರೆ ಕಾಲಂಗೆ ಹೋಗಬೇಕು. ನಡುವೆ ಸರ್ನೋಕ್ ಎಂಬ ಇನ್ನೊಂದು ಕಾಲಂ ಬರುತ್ತದೆ, ಅಲ್ಲಿ ಪಟ್ಟಿಯಲ್ಲಿ ತೋರಿಸಿದ್ದನ್ನು ಆರಿಸಿದರಾಯಿತು.

ಕೆಲವು ಸಲ ಯಾವ ಕಾಲಮೂ ಕೆಂಪಾಗುವುದಿಲ್ಲ, ಯಾವ ಸಂದೇಶವೂ ಬರುವುದಿಲ್ಲ. ಬಟನ್ ಒತ್ತಿದರೆ ಸುಮ್ಮನಿರುತ್ತದೆ. ಸರ್ವರ್ ಡೌನ್ ಎಂದು ಎಲ್ಲರೂ ಎದ್ದು ಹೋಗುವುದು ಇಲ್ಲಿಯೇ. ಆದರೆ ಕಡ್ಡಾಯ ಕಾಲಂ ಒಂದು ಮಡಿಚಿಟ್ಟ ಭಾಗದಲ್ಲೋ ಪಕ್ಕದ ಟ್ಯಾಬಿನಲ್ಲೋ ಅಡಗಿ ಕೂತಿದ್ದರೂ ಹೀಗಾಗುತ್ತದೆ. ಬ್ರೌಸರ್ ಅದನ್ನು ಬೊಟ್ಟು ಮಾಡಿ ತೋರಿಸಲು ಹೋಗುತ್ತದೆ, ಕಾಲಂ ಪರದೆಯ ಮೇಲಿಲ್ಲದ್ದರಿಂದ ತೋರಿಸಲಾಗದೆ ನಿಂತುಬಿಡುತ್ತದೆ. ಫಾರಂನ ಎಲ್ಲ ಭಾಗಗಳನ್ನೂ ತೆರೆದು ನೋಡಿ. ಮೊಬೈಲಾದರೆ ಕ್ರೋಮ್‌ನ ಮೂರು ಚುಕ್ಕಿ ಒತ್ತಿ ‘ಡೆಸ್ಕ್‌ಟಾಪ್ ಸೈಟ್’ ಆರಿಸಿ. ಕೊನೆಯಲ್ಲಿರುವ ‘ಮೇಲಿನ ವಿವರಗಳು ಸತ್ಯ’ ಎಂಬ ಘೋಷಣೆಗೆ ಟಿಕ್ ಹಾಕಿದ್ದೀರಾ ನೋಡಿ. ಬಹುತೇಕ ಅಲ್ಲೇ ಸಿಗುತ್ತದೆ.

ಕಡ್ಡಾಯ ಎಂದ ಕೂಡಲೇ ಏನಾದರೊಂದು ತುಂಬಿ ದಾಟಿಸಿಬಿಡುವ ಚಾಳಿ ನಮ್ಮಲ್ಲಿದೆ. ಒಂದು ಚುಕ್ಕಿ, ಒಂದು ಖಾಲಿ ಸ್ಪೇಸ್, ಹತ್ತು ಸಲ ಒಂಬತ್ತು. ಜಾಣ ಫಾರಂ ಸ್ಪೇಸನ್ನು ಖಾಲಿಯೆಂದೇ ಲೆಕ್ಕ ಹಾಕುತ್ತದೆ, ದಡ್ಡ ಫಾರಂ ಬಿಟ್ಟುಬಿಡುತ್ತದೆ. ಬಿಟ್ಟಿತೆಂದು ಖುಷಿಪಡಬೇಡಿ. ಆ ಅರ್ಜಿ ಮೇಜಿನ ಮೇಲೆ ಹೋದಾಗ ನಿಜವಾಗಿ ರಿಜೆಕ್ಟ್ ಆಗುತ್ತದೆ. ಇದಕ್ಕಿಂತ ಅಪಾಯದ್ದು ಮೊಬೈಲ್ ನಂಬರ್. ಮನೆಯಲ್ಲಿ ಫೋನ್ ಇಲ್ಲದ ಅಜ್ಜಿಯ ಅರ್ಜಿಗೆ ಸೆಂಟರಿನ ಹುಡುಗ ತನ್ನದೇ ನಂಬರ್ ಹಾಕಿ ಉಪಕಾರ ಮಾಡುತ್ತಾನೆ. ಮುಂದೆ ಒಟಿಪಿ, ಸಂದೇಶ ಎಲ್ಲ ಅವನಿಗೇ ಹೋಗುತ್ತವೆ. ಅವನು ಅಂಗಡಿ ಮುಚ್ಚಿ ಬೆಂಗಳೂರಿಗೆ ಹೋದರೆ ಅಜ್ಜಿಯ ಅರ್ಜಿಯ ಗತಿ ಕೇಳುವವರಿಲ್ಲ. ಮಗನದೋ ಮೊಮ್ಮಗಳದೋ ನಂಬರ್ ಕೊಡಿ.

ಫಾರಂ ತಯಾರಿಸುವವರೂ ಈಗ ನಮ್ಮ ನಡುವೆಯೇ ಇದ್ದಾರೆ. ಹಳೇ ವಿದ್ಯಾರ್ಥಿಗಳ ಸಂಘಕ್ಕೋ ಹಾಲಿನ ಡೇರಿಗೋ ಗೂಗಲ್ ಫಾರಂ ಮಾಡುವವರಿಗೆ ಎರಡು ಮಾತು. ಪ್ರತಿ ಪ್ರಶ್ನೆಯ ಕೆಳಗೆ ‘ರಿಕ್ವೈರ್ಡ್’ ಎಂಬ ಸ್ವಿಚ್ ಇರುತ್ತದೆ, ಅದನ್ನು ಎಲ್ಲದಕ್ಕೂ ಎಳೆಯಬೇಡಿ. ಜಾತ್ರೆಯ ಚಂದಾ ಪಟ್ಟಿಗೆ ಹುಟ್ಟಿದ ದಿನಾಂಕ ಯಾಕೆ? ಕೆಲಸಕ್ಕೆ ಬೇಕಾದಷ್ಟೇ ವೈಯಕ್ತಿಕ ವಿವರ ಕೇಳಬೇಕು ಎಂಬುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯ ಕೂಡ. ಸ್ವಂತ ಜಾಲತಾಣ ಕಟ್ಟುವವರು ತಪ್ಪಿನ ಸಂದೇಶವನ್ನು ಆಯಾ ಕಾಲಂನ ಕೆಳಗೇ, ಕನ್ನಡದಲ್ಲಿ, ಏನು ಬೇಕೆಂದು ಬಿಡಿಸಿ ಬರೆಯಿರಿ. ‘ಇನ್‌ವ್ಯಾಲಿಡ್’ ಎಂದರೆ ಯಾರಿಗೆ ಏನು ತಿಳಿಯಬೇಕು? ‘ಹತ್ತು ಅಂಕಿ ಬೇಕು, ಒಂಬತ್ತು ಇದೆ’ ಎನ್ನಿ. ಬರೀ ಕೆಂಪು ಬಣ್ಣ ನೆಚ್ಚಬೇಡಿ, ಕೆಂಪು ಹಸಿರಿನ ವ್ಯತ್ಯಾಸ ಕಾಣದವರಿದ್ದಾರೆ. ಒಂದು ತಪ್ಪಿಗಾಗಿ ತುಂಬಿದ್ದನ್ನೆಲ್ಲ ಅಳಿಸುವುದಂತೂ ಪಾಪದ ಕೆಲಸ.

ಖರ್ಚಿನ ವಿಷಯ. ಫಾರಂ ತಡೆದರೆ, ಮತ್ತೆ ತುಂಬಿದರೆ ಸರ್ಕಾರಕ್ಕೆ ಏನೂ ಕಟ್ಟಬೇಕಿಲ್ಲ. ಶುಲ್ಕವಿದ್ದರೆ ಅದು ಕೊನೆಯ ಹಂತದಲ್ಲಿ, ಒಂದೇ ಸಲ. “ಎರಡ್ ಸಲ ಸಬ್ಮಿಟ್ ಮಾಡ್ದೆ, ಎರಡ್ ಸಲದ್ದು ಕೊಡಿ” ಎಂದು ಯಾರಾದರೂ ಕೇಳಿದರೆ ರಸೀದಿ ಕೇಳಿ. ಆಧಾರ್‌ನಲ್ಲಿ ಹೆಸರು, ವಿಳಾಸ ಅಥವಾ ಮೊಬೈಲ್ ನಂಬರ್ ತಿದ್ದಿಸಲು ನೋಂದಣಿ ಕೇಂದ್ರದಲ್ಲಿ 2025ರ ಅಕ್ಟೋಬರ್‌ನಿಂದ 75 ರೂಪಾಯಿ. ಗೂಗಲ್ ಫಾರಂ ಪುಕ್ಕಟೆ.

ಸಹಾಯ ಬೇಕಿದ್ದರೆ ಹೋಬಳಿ ಮಟ್ಟದ ನಾಡಕಚೇರಿ, ಹಳ್ಳಿಯ ಗ್ರಾಮ ಒನ್ ಕೇಂದ್ರಗಳಿವೆ. ರೈತರ ಫ್ರೂಟ್ಸ್ ತೊಡಕಿಗೆ ರೈತ ಸಂಪರ್ಕ ಕೇಂದ್ರ. ಆಧಾರ್ ವಿಷಯಕ್ಕೆ 1947, ರಾಜ್ಯ ಸರ್ಕಾರದ ಸೇವೆಗಳ ದೂರಿಗೆ ಜನಸ್ಪಂದನ ಸಹಾಯವಾಣಿ 1902. ದೂರು ಕೊಡುವಾಗ ‘ಓಯ್ತಾ ಇಲ್ಲ’ ಎಂದಷ್ಟೇ ಹೇಳಿದರೆ ಅವರಿಗೂ ಗೊತ್ತಾಗುವುದಿಲ್ಲ. ಯಾವ ಕಾಲಂ, ಯಾವ ಸಂದೇಶ, ಯಾವ ದಿನ ಎಷ್ಟು ಗಂಟೆ ಎಂದು ಬರೆದಿಟ್ಟುಕೊಂಡಿರಿ.

ಅರ್ಜಿ ನಿಜವಾಗಿ ಸಲ್ಲಿಕೆಯಾದರೆ ಸ್ವೀಕೃತಿ ಸಂಖ್ಯೆ ಬರುತ್ತದೆ. ಸಕಾಲ ಕಾಯ್ದೆಯ ಅಡಿ ಬರುವ ಸೇವೆಯಾದರೆ ಅದು ಹದಿನೈದು ಅಂಕಿಯ ಸಕಾಲ ಸಂಖ್ಯೆ. ಇಷ್ಟು ದಿನದೊಳಗೆ ಕೆಲಸ ಆಗಲೇಬೇಕು ಎಂಬ ಗಡುವು ಶುರುವಾಗುವುದು ಆಮೇಲೆಯೇ. ಆ ಸಂಖ್ಯೆ ನಿಮ್ಮ ಮೊಬೈಲಿಗೆ ಬಂದಿದೆಯೇ ಎಂದು ನೋಡಿಕೊಂಡು, ಮುದ್ರಿತ ಪ್ರತಿ ಕೈಗೆ ತೆಗೆದುಕೊಂಡ ಮೇಲೆ ಸೆಂಟರ್ ಬಿಟ್ಟು ಹೊರಡಿ.